ಜಾಝ್ ಶಿಬಿರದಲ್ಲಿ ಕಲಿಯುವುದೇನು?

ಕೊಟ್ಟೂರೇಶ್ವರನ ತೇರಿನ ದಿನ ಕೊಟ್ಟೂರಿನ ಬೀದಿಗಳಲ್ಲಿ ನಿಂತವರಿಗೆ ಸಮಾಳದ ಸದ್ದು, ನಂದಿಕೋಲಿನ ಗೆಜ್ಜೆಯ ಸದ್ದು ಮೊದಲು ಎದೆಗೆ ತಾಗಿ ಅನಂತರ ಕಿವಿಗೆ ತಲಪುತ್ತವೆಯೋ ಎನಿಸುವುದುಂಟು. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದರೆ ಗೊರವರ ಡಮರು ಮತ್ತು ಪಿಳ್ಳಂಗೋವಿ. ಮದುವೆಯ ಕಾಲದಲ್ಲಾದರೋ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿನಲ್ಲಿ ಬಸ್ಸಿಳಿದರೂ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟು, ಟ್ರಂಪೆಟ್ಟುಗಳು ಎದುರಾಗುತ್ತವೆ. ಅವುಗಳ ನಡುವೆ ಹಿತ್ತಾಳೆಯಿಂದ ಮಾಡಿದ, ಕೆಳತುದಿಯಲ್ಲಿ ಮೇಲಕ್ಕೆ ಬಾಗಿದ ಇನ್ನೊಂದು ವಾದ್ಯವಿರುವುದುಂಟು. ಅದೇ ಸ್ಯಾಕ್ಸೊಫೋನು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯವು ಹಗರಿಬೊಮ್ಮನಹಳ್ಳಿಯ ಮದುವೆಯ ಮೆರವಣಿಗೆಯವರೆಗೆ ನಡೆದುಬಂದ ದಾರಿ ಸಣ್ಣದಲ್ಲ.

ನಮ್ಮ ಬಿ.ಎಸ್‌ಸಿ. ತರಗತಿಯಲ್ಲಿ ಸೋದರಮಾವನ ಬ್ಯಾಂಡ್‌ಸೆಟ್ಟಿನಲ್ಲಿ ಊದುವ ಹುಡುಗನೊಬ್ಬನಿದ್ದಾನೆ. ಲಗ್ನದ ಕಾಲದಲ್ಲಿ ಹಾಜರಿ ಕಡಮೆ, ಆಷಾಢದಲ್ಲಿ ಪೂರ್ಣ. ಒಂದು ದಿನ ಪ್ರಯೋಗಶಾಲೆಯಲ್ಲಿ ಅನುರಣನ ನಳಿಕೆಯ ಪ್ರಯೋಗ ನಡೆದಿತ್ತು. ನೀರು ತುಂಬಿದ ನಳಿಕೆಯ ಬಾಯಲ್ಲಿ 512 ಹರ್ಟ್ಸಿನ ಶ್ರುತಿಕವೆಯನ್ನು ಹಿಡಿದು ನೀರನ್ನು ಇಳಿಸುತ್ತ ಹೋದರೆ, ಗಾಳಿಯ ಕಂಬ ಸುಮಾರು 16 ಸೆಂಟಿಮೀಟರ್ ಆದಾಗ ಧ್ವನಿ ಥಟ್ಟನೆ ಏರುವುದು. ಮತ್ತೆ ಏರುವುದು ಸರಿಸುಮಾರು ಮೂರು ಪಟ್ಟು ಉದ್ದದಲ್ಲಿ, ಎರಡು ಪಟ್ಟಿನಲ್ಲಲ್ಲ. ಒಂದು ತುದಿ ಮುಚ್ಚಿದ ನೇರ ನಳಿಕೆಯಲ್ಲಿ ಮೂಲಸ್ವರದ 3, 5, 7 ಪಟ್ಟಿನ ಉಪಸ್ವರಗಳು ಮಾತ್ರ ನಿಲ್ಲಬಲ್ಲವು ಎಂದು ನಾವು ವಿವರಿಸುತ್ತಿದ್ದೆವು. ಹುಡುಗ ತಲೆ ಎತ್ತಿ, "ಅದಕ್ಕ ಏನ್ರಿ ಸರ್, ಕ್ಲಾರಿನೆಟ್‌ನಾಗ ಹೆಬ್ಬೆರಳಿನ ಕೀ ಒತ್ತಿದ್ರ ಸ ಹೋಗಿ ಮ್ಯಾಲಿನ ಪ ಬರೋದು? ಸ್ಯಾಕ್ಸ್‌ನಾಗ ಹಂಗಾಗಲ್ಲ, ಸ ಒತ್ತಿದ್ರ ಮ್ಯಾಲಿನ ಸ-ನೇ ಬರ್ತತಿ" ಎಂದ.

ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಈತ ಬೆರಳಿನಲ್ಲಿಯೇ ಇಟ್ಟುಕೊಂಡು ಓಡಾಡುತ್ತಿದ್ದನೆಂದು ನಮಗೆ ಆಗ ತಿಳಿಯಿತು. ಮೂಲಸ್ವರದ ಮೂರು ಪಟ್ಟೆಂದರೆ ಒಂದು ಸ್ಥಾಯಿ ಮತ್ತು ಅದರ ಮೇಲೆ ಪಂಚಮ. ಕ್ಲಾರಿನೆಟ್ಟಿನ ಕೊಳವೆ ಬಹುಮಟ್ಟಿಗೆ ನೇರವಾದುದು. ಊದುವ ತುದಿ ಮುಚ್ಚಿದಂತೆ, ಇನ್ನೊಂದು ತೆರೆದಂತೆ. ಆದುದರಿಂದ ಅದು ನಮ್ಮ ನೀರಿನ ನಳಿಕೆಯ ಒಡಹುಟ್ಟು. ಸ್ಯಾಕ್ಸೊಫೋನಿನ ಕೊಳವೆಯಾದರೋ ಮೂತಿಯಿಂದ ಬಾಯಿಯವರೆಗೆ ಅಗಲವಾಗುತ್ತ ಹೋಗುವ ಶಂಕು. ನಮ್ಮ ಶಹನಾಯಿ, ನಾಗಸ್ವರಗಳೂ ಹಾಗೆಯೇ. ಶಂಕುವಿನೊಳಗೆ ಗಾಳಿಯ ಒತ್ತಡದ ಏರಿಳಿತವು ಚೂಪು ತುದಿಯೆಡೆಗೆ ಹೋದಂತೆ ಹೆಚ್ಚುತ್ತದೆ. ತುದಿಯಿಂದಿರುವ ದೂರದೊಡನೆ ಆ ಒತ್ತಡವನ್ನು ಗುಣಿಸಿ ನೋಡಿದರೆ, ದೊರೆಯುವ ರಾಶಿ ಎರಡು ತುದಿಗಳಲ್ಲಿಯೂ ಸೊನ್ನೆ. ಎರಡೂ ಕಡೆ ತೆರೆದ ಕೊಳಲಿನಲ್ಲಿ ಒತ್ತಡ ಹೇಗೆ ನಡೆದುಕೊಳ್ಳುವುದೋ ಇಲ್ಲಿ ಆ ಗುಣಲಬ್ಧ ಹಾಗೆ ನಡೆದುಕೊಳ್ಳುತ್ತದೆ. ಫಲವಾಗಿ 2, 3, 4 ಪಟ್ಟಿನ ಉಪಸ್ವರಗಳೆಲ್ಲವೂ ಹುಟ್ಟುತ್ತವೆ, ಒಂದೇ ಬೆರಳಿಡಿತಕ್ಕೆ ಕೆಳಗಿನ ಷಡ್ಜವೂ ಮೇಲಿನ ಷಡ್ಜವೂ ಒದಗುತ್ತವೆ.

ವಾರದ ತರುವಾಯ ಅವನು ಇನ್ನೊಂದು ಪ್ರಶ್ನೆಯನ್ನು ತಂದ. ಹೊರದೇಶದಲ್ಲಿ ಬೇಸಿಗೆಯಲ್ಲಿ ಸಂಗೀತಗಾರರಿಗಾಗಿ ನಡೆಯುವ ಜಾಝ್ ಶಿಬಿರವೊಂದರ ಪ್ರಕಟಣೆ ಅವನ ಕಣ್ಣಿಗೆ ಬಿದ್ದಿತ್ತು. ಆಗಲೇ ನುಡಿಸಬಲ್ಲವರನ್ನೇ ಅಲ್ಲಿಗೆ ಆರಿಸುತ್ತಾರೆ. ಹಾಗಿದ್ದ ಮೇಲೆ ಕಲಿಸುವುದೇನನ್ನು? ಇವನಿಗೆ ಸ್ವರಲಿಪಿ ಓದಲು ಬಾರದು. ಇವನಂಥವನಿಗೆ ಅಲ್ಲಿ ಸ್ಥಳವುಂಟೆ? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಆಯ್ಕೆ ಮಾಡುವವರ ಕೆಲಸ. ಮೊದಲನೆಯದು ಭೌತಶಾಸ್ತ್ರಕ್ಕೂ ಸೇರಿದುದು.

ಸ್ಯಾಕ್ಸೊಫೋನಿಗೆ ಬೆರಳು ನೇರವಾಗಿ ರಂಧ್ರವನ್ನು ಮುಟ್ಟುವುದಿಲ್ಲ. ಕೀ ಒತ್ತಿದರೆ ಮುಚ್ಚಳ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಇಂತಹ ಯಂತ್ರದಲ್ಲಿ ಗಮಕವೆಂತು? ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಈ ಪ್ರಶ್ನೆಯೊಡನೆ ಬಾಳನ್ನೇ ಕಳೆದರೆನ್ನಬಹುದು. ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದ ಹುಡುಗ ಅದಕ್ಕೇ ಮನಸೋತ. ಉಸಿರಿನ ಒತ್ತಡ, ತುಟಿಯ ಹಿಡಿತ, ಬೆರಳ ಚಲನೆ ಇವನ್ನೆಲ್ಲ ಹದಗೊಳಿಸಿ, ವಾದ್ಯದಲ್ಲಿಯೂ ಕೆಲವು ಮಾರ್ಪಾಟುಗಳನ್ನು ಮಾಡಿಕೊಂಡು, ಅವರು ಅದರಿಂದ ಕರ್ನಾಟಕ ಸಂಗೀತವನ್ನು ಹೊರಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ವೇದಿಕೆಯೇರಿ ಜೊತೆಗೆ ನುಡಿಸಬಹುದೇ ಎಂದು ಕೇಳಿದರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ಬಿ.ಬಿ.ಸಿ. ಪ್ರಾಮನೇಡ್ ಕಛೇರಿಯಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡರು.

ಇದರ ಇನ್ನೊಂದು ಕೊನೆ ಅಮೆರಿಕದಲ್ಲಿದೆ. ಕರ್ನಾಟಕ ಮೂಲದ ತಂದೆತಾಯಿಗಳ ಮಗನಾಗಿ 1971ರಲ್ಲಿ ಹುಟ್ಟಿ, ಕೊಲರಾಡೊ ಪ್ರಾಂತದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೊಫೋನ್ ವಾದಕ. ಅವರು ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯನ್ನು ತಂದುಕೊಟ್ಟರಂತೆ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಅವರಿಬ್ಬರೂ ಒಟ್ಟಿಗೆ ನುಡಿಸಿದ 'ಕಿನ್ಸ್‌ಮೆನ್' ಎಂಬ ಮುದ್ರಿಕೆ 2008ರಲ್ಲಿ ಹೊರಬಂದಿತು. ಒಂದೇ ಜಾತಿಯ ವಾದ್ಯ, ಎರಡು ಬಾಯಿಗಳು. ಕೇಳಿದವರಿಗೆ ಇದು ಯಾರು, ಅದು ಯಾರು ಎಂಬ ಸಂಶಯ ಬಾರದು.

ವಾದ್ಯದ ಜಾತಿ ಒಂದೇ ಆಗಿರುವಾಗ ವ್ಯತ್ಯಾಸ ಎಲ್ಲಿಂದ ಬಂತು? ಅನುರಣನ ನಳಿಕೆಗಳು ಅಲ್ಲಿ ಎರಡಿವೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು ಹಿತ್ತಾಳೆಯದು. ಇನ್ನೊಂದು ವಾದಕನ ಬಾಯಿ ಮತ್ತು ಗಂಟಲಿನದು. ಎರಡರ ನಡುವೆ ಜೊಂಡಿನಿಂದ ಸೀಳಿದ ಒಂದು ತೆಳುಪಟ್ಟಿ, ಎಂದರೆ ರೀಡು, ಅದುರುತ್ತಿರುತ್ತದೆ. 2008ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜೆರ್ ಮಿಂಗ್ ಚೆನ್, ಜಾನ್ ಸ್ಮಿತ್ ಮತ್ತು ಜೋ ವುಲ್ಫ್ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ವಾದಕ ಊದುತ್ತಿರುವಾಗಲೇ ಮೂತಿಯ ಮೂಲಕ ಹಲವು ಆವೃತ್ತಿಗಳ ಮೆಲುಧ್ವನಿಯನ್ನು ಅವನ ಬಾಯೊಳಗೆ ಹಾಯಿಸಿ, ಗಂಟಲು ಯಾವ ಆವೃತ್ತಿಗೆ ಅನುರಣಿಸುತ್ತದೆಂದು ಅಳೆದರು. ಸಾಮಾನ್ಯ ಸ್ಥಾಯಿಗಳಲ್ಲಿ ಗಂಟಲಿಗೂ ಸ್ವರಕ್ಕೂ ನಿಶ್ಚಿತವಾದ ಸಂಬಂಧ ಕಾಣಲಿಲ್ಲ. ಆದರೆ ಅತ್ಯುಚ್ಚ ಸ್ಥಾಯಿಯಲ್ಲಿ ಪಳಗಿದ ವಾದಕರು ತಮ್ಮ ಗಂಟಲಿನ ಅನುರಣನವನ್ನು ಬೇಕಾದ ಸ್ವರದ ಸಮೀಪಕ್ಕೆ ತಂದು ಹೊಂದಿಸುತ್ತಿದ್ದರು. ಹಾಗೆ ಹೊಂದಿಸಲಾರದ ಹೊಸಬರಿಗೆ ಆ ಸ್ವರಗಳೇ ಹೊರಡಲಿಲ್ಲ.

ಅದೇ ಮೂವರು 2009ರಲ್ಲಿ ಕ್ಲಾರಿನೆಟ್ಟಿನ ಜಾರುಸ್ವರವನ್ನು ಪರೀಕ್ಷಿಸಿದರು. ಅಮೆರಿಕದ ಗರ್ಶ್ವಿನ್ 1924ರಲ್ಲಿ ರಚಿಸಿದ 'ರ‍್ಯಾಪ್ಸಡಿ ಇನ್ ಬ್ಲೂ' ಆರಂಭವಾಗುವುದೇ ಕ್ಲಾರಿನೆಟ್ಟು ಕೆಳಗಿನಿಂದ ಮೇಲಕ್ಕೆ ಏರಿ ಹೋಗುವ ಒಂದು ದೀರ್ಘವಾದ ಜಾರಿನಿಂದ. ಮೇಲಿನ ಸ್ಥಾಯಿಯಲ್ಲಿ ಆ ಜಾರು ಸಾಧ್ಯವಾಗುವುದಕ್ಕೆ ಬೆರಳನ್ನು ಮೆಲ್ಲಗೆ ಸರಿಸುವುದಷ್ಟೇ ಸಾಲದು, ಗಂಟಲೂ ಕೈಗೂಡಿಸಬೇಕು ಎಂದು ತಿಳಿದುಬಂದಿತು. ನಮ್ಮ ಹುಡುಗನ ಮಾವನಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಗಂಟಲಾಗ ಹಾಡಿಕೋತ ಊದಬೇಕು ಅಂತ ನಮ್ಮಪ್ಪ ಹೇಳತಿದ್ರಲ್ರಿ" ಎಂದರು.

ಇಂತಹ ವಿದ್ಯೆಯನ್ನು ಸ್ವರಲಿಪಿಯಲ್ಲಿ ಬರೆಯಲು ಬರುವಂತಿಲ್ಲ. ಗಂಟಲಿನ ಒಳಗು ಕಣ್ಣಿಗೆ ಕಾಣದು, ಗುರುವು ಬೆರಳು ಮಾಡಿ ತೋರಿಸಲಾರ. ಊದುವವನ ಪಕ್ಕದಲ್ಲಿ ಕುಳಿತು, ಕೇಳಿ, ತಾನೂ ಊದಿ, ತಪ್ಪಿ, ಮತ್ತೆ ಊದಬೇಕು. ಜಾಝ್ ಶಿಬಿರವೆಂಬುದು ಮುಖ್ಯವಾಗಿ ಇದಕ್ಕೆ ಏರ್ಪಡಿಸಿದ ಅವಕಾಶ. ಕೆನಡಾದ ರಾಕಿ ಪರ್ವತಗಳ ನಡುವಣ ಬ್ಯಾನ್ಫ್ ಪಟ್ಟಣದಲ್ಲಿ 1974ರಲ್ಲಿ ಆರಂಭವಾದ ಜಾಝ್ ತರಬೇತಿಯು ಇವುಗಳಲ್ಲಿ ಪ್ರಸಿದ್ಧವಾದುದು. 1980ರ ದಶಕದಲ್ಲಿ ಅದನ್ನು ನಡೆಸಿದವರು ಡೇವ್ ಹಾಲೆಂಡ್ ಎಂಬ ಬಾಸ್ ವಾದಕರು. 2013ರಲ್ಲಿ ಅದರ ನಿರ್ದೇಶಕರಾದ ಪಿಯಾನೊ ವಾದಕ ವಿಜಯ್ ಅಯ್ಯರ್ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದಿದವರು. ಬರ್ಕಲಿಗೆ ಹೋದದ್ದು ಭೌತಶಾಸ್ತ್ರದ ಸಂಶೋಧನೆಗೆ, 1998ರಲ್ಲಿ ಡಾಕ್ಟರೇಟ್ ಪಡೆದದ್ದು ಲಯವನ್ನು ಮನುಷ್ಯನ ಮೈ ಹೇಗೆ ಗ್ರಹಿಸುತ್ತದೆಂಬ ವಿಷಯದಲ್ಲಿ. ಭೌತಶಾಸ್ತ್ರಕ್ಕೆ ಇದರಿಂದ ನಷ್ಟವಾಯಿತೆಂದು ನಮಗೆ ತೋರದು.

ಜಾಲದ ಮೂಲಕ ಮನೆಯಲ್ಲಿಯೇ ಕುಳಿತು ಕಲಿಯಬಾರದೆ ಎಂದು ಕೇಳುವವರುಂಟು. ಪಾಠ ಕೇಳಬಹುದು, ಕೂಡಿ ನುಡಿಸುವುದು ಕಷ್ಟ. ಲೆಕ್ಕ ಹಾಕಿ ನೋಡಿರಿ. ಕೂಡ್ಲಿಗಿಯಿಂದ ಬ್ಯಾನ್ಫಿಗೆ ಭೂಮಿಯ ಮೈಮೇಲೆ ಅತಿ ಸಮೀಪದ ದಾರಿಯೇ ಸುಮಾರು 12,500 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು. ತಂತಿ ನೆಟ್ಟಗೆ ಹೋಯಿತೆಂದು ಭಾವಿಸಿದರೂ ಹೋಗಲು 62 ಮಿಲಿಸೆಕೆಂಡು, ಉತ್ತರ ಬರಲು ಮತ್ತೆ ಅಷ್ಟೇ. ಒಟ್ಟು ಸೆಕೆಂಡಿನ ಎಂಟನೆಯ ಒಂದು ಭಾಗ. ಈಗ ನಿಮಿಷಕ್ಕೆ 120 ಪೆಟ್ಟಿನಂತೆ ತಾಳ ಹಾಕಿ, ಪೆಟ್ಟಿಗೆ ನಾಲ್ಕಕ್ಷರದಂತೆ 'ತ ಕ ದಿ ಮಿ' ಹೇಳಿರಿ. ಒಂದು ಅಕ್ಷರಕ್ಕೆ ಸಿಗುವ ಕಾಲ ಸೆಕೆಂಡಿನ ಎಂಟನೆಯ ಒಂದು ಭಾಗವೇ! ನೀವು 'ತ' ಎಂದುದಕ್ಕೆ ಅಲ್ಲಿಯವನು ಕೊಟ್ಟ ಮರುಪೆಟ್ಟು ನಿಮ್ಮ 'ಕ'ಕಾರದ ಮೇಲೆ ಬಂದು ಬೀಳುತ್ತದೆ. ಯಾವ ತಂತ್ರಜ್ಞನೂ ಈ ತಡವನ್ನು ಇದಕ್ಕಿಂತ ತಗ್ಗಿಸಲಾರ. ಬೆಳಕು ಕೇಳಬೇಕಲ್ಲ. 2004ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಮತ್ತೊಬ್ಬರಿಗೆ ತಡವಾಗಿ ಕೇಳುವಂತೆ ಮಾಡಿದಾಗ, ತಡ ಹೆಚ್ಚಿದಂತೆಲ್ಲ ತಾಳ ತಾನಾಗಿ ಕುಂಟುತ್ತ ನಿಧಾನವಾಯಿತು. ಒಂದೇ ಕೊಠಡಿಯಲ್ಲಿ ಮೂರು ಮೀಟರು ಅಂತರದಲ್ಲಿ ಕುಳಿತರಾದರೋ ಧ್ವನಿ ತಲಪಲು ಒಂಬತ್ತು ಮಿಲಿಸೆಕೆಂಡು ಸಾಕು.

ಹೀಗೆ ಒಂದೆಡೆ ಕುಳಿತ ಮೇಲೆ ಇನ್ನೊಂದು ತೊಡಕು ಕಾಣಿಸುತ್ತದೆ. ಷಡ್ಜ 240 ಹರ್ಟ್ಸ್ ಇರಲಿ. ತಂಬೂರಿಗೆ ಕೂಡಿಬರುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಎಂದರೆ 300. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಮಾಡಿರುವುದರಿಂದ ಅದರ ಗಾಂಧಾರ 302.4. ನಮ್ಮವನು 300 ಹಿಡಿದು ನಿಂತರೆ ಸೆಕೆಂಡಿಗೆ ಎರಡು ಮೂರು ಸಲ ಧ್ವನಿ ಏರಿ ಇಳಿದು ತುಯ್ದಾಡುತ್ತದೆ. ಪಿಯಾನೊ ಕದಲದು. ತುಟಿಯೇ ಕದಲಬೇಕು. ಯಾವಾಗ ಕದಲಬೇಕು, ಯಾವಾಗ ಕದಲದೆ ಆ ತುಯ್ದಾಟವನ್ನೇ ರಸವಾಗಿಸಬೇಕು ಎಂಬುದು ಜಾಝ್ ವಾದಕರಿಗೆ ತಿಳಿದ ಗುಟ್ಟು. ಅವರ 'ಬ್ಲೂ' ಸ್ವರಗಳು ಪಿಯಾನೊದ ಎರಡು ಮನೆಗಳ ಸಂದಿನಲ್ಲಿಯೇ ವಾಸಿಸುತ್ತವೆ.

ಕಲಿಯಲು ಹೋಗುವವರು ನಾವೇ ಎಂದೂ ಭಾವಿಸಬೇಕಾಗಿಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ 1960ರ ದಶಕದಲ್ಲಿ ಮಲೇಷ್ಯದಲ್ಲಿದ್ದಾಗ ನಾಗಸ್ವರಕ್ಕೆ ಮನಸೋತು, ಬಳಿಕ ದಕ್ಷಿಣ ಭಾರತಕ್ಕೆ ಬಂದು ಅದನ್ನು ಅಭ್ಯಾಸಮಾಡಿದರು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಇವರೊಡನೆ ಅವರು ನುಡಿಸಿದ 'ಜ್ಯೋತಿ' ಮುದ್ರಿಕೆ 1983ರಲ್ಲಿ ಪ್ರಕಟವಾಯಿತು. ಹೊರದೇಶದ ವಾದಕರು ನಮ್ಮಲ್ಲಿ ಅರಸುವುದು ಹೆಚ್ಚಾಗಿ ಕೊನ್ನಕ್ಕೋಲನ್ನು, ಐದು ಏಳುಗಳನ್ನು ನಾಲ್ಕರೊಳಗೆ ಕೂಡಿಸಿ ಸಮಕ್ಕೆ ತರುವ ಲೆಕ್ಕವನ್ನು. ಸಮಾಳದವರ ಮುಂದೆ ಬೆಳೆದ ಹುಡುಗನಿಗೆ ಇದರಲ್ಲಿ ಅರ್ಧ ದಾರಿ ಸವೆದಿದೆ.

ಹೋಗುವುದಾದರೆ ಒಂದು ಸಣ್ಣ ಎಚ್ಚರಿಕೆ. ಗಾಳಿಯಲ್ಲಿ ಧ್ವನಿಯ ವೇಗ ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಂತೆ ಹೆಚ್ಚುತ್ತದೆ. ನಮ್ಮ ಸೀಮೆಯ 40 ಡಿಗ್ರಿ ಬಿಸಿಲಿನಲ್ಲಿ ಅದು 355 ಮೀಟರು, ಪರ್ವತದ ತಪ್ಪಲಿನ 15 ಡಿಗ್ರಿಯಲ್ಲಿ 340. ಕೊಳವೆಯ ಗಾಳಿ ಪೂರ್ತಿ ಹೊರಗಿನಷ್ಟೇ ತಣ್ಣಗಾದರೆ ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಇಳಿದೀತು. ವಾದಕನ ಉಸಿರು ಬೆಚ್ಚಗಿರುವುದರಿಂದ ಅಷ್ಟು ಇಳಿಯದು. ಆದರೂ ಇಲ್ಲಿ ಹೊರಕ್ಕೆ ಎಳೆದಿಟ್ಟ ಮೂತಿಯನ್ನು ಅಲ್ಲಿ ಒಳಕ್ಕೆ ತಳ್ಳಬೇಕಾಗುತ್ತದೆ. ಬ್ಯಾನ್ಫ್ ಸುಮಾರು 1,400 ಮೀಟರ್ ಎತ್ತರದಲ್ಲಿದೆಯಲ್ಲ, ಗಾಳಿ ತೆಳುವಲ್ಲವೆ ಎಂದು ಕೇಳಬೇಡಿರಿ. ಒತ್ತಡ ತಗ್ಗಿದರೆ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ ವೇಗ ಬದಲಾಗದು.

ನಮ್ಮ ಹುಡುಗ ಅರ್ಜಿಯೊಡನೆ ಕಳುಹಿಸಬೇಕಾದ ಧ್ವನಿಮುದ್ರಣವನ್ನು ಒಂದು ಭಾನುವಾರ ಪ್ರಯೋಗಶಾಲೆಯಲ್ಲಿಯೇ ಮಾಡಿದೆವು. ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ. ಮೇಲಿನ ಸ್ಥಾಯಿಯ ಜಾರೊಂದು ಎರಡು ಸಲ ಒಡೆದು, ಮೂರನೆಯ ಸಲ ನಿಂತಿತು. ಅವನ ಮಾವ ಬಾಗಿಲ ಬಳಿ ನಿಂತು ಕೇಳಿ, ಶಿಬಿರ ಯಾವ ತಿಂಗಳು ಎಂದು ವಿಚಾರಿಸಿದರು. ಜೂನ್ ಕೊನೆಯಿಂದ ಮೂರು ವಾರ ಎಂದೆವು.

"ಆಷಾಢ ಬಿಡ್ರಿ ಹಂಗಾದ್ರ" ಎಂದರು. "ಸಿಕ್ಕರ ಹೋಗಿ ಬರ್ಲಿ. ಶ್ರಾವಣಕ್ಕ ಹಡಗಲಿಯಾಗ ಎರಡು ಲಗ್ನ ಹಿಡದೀವಿ, ಅಷ್ಟರಾಗ ಬಂದಿರಬೇಕು."