ಉದ್ಯಮದ ಹಣ, ಊರಿನ ಶಾಲೆ

ಪಡುಬಿದ್ರಿಯಿಂದ ಉಡುಪಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರಿಗೆ ಮೊದಲು ಎದುರಾಗುವ ಊರು ಎರ್ಮಾಳ್. ತೆಂಕ ಎರ್ಮಾಳ್, ಬಡಾ ಎರ್ಮಾಳ್ ಎಂಬ ಎರಡು ಗ್ರಾಮಗಳು ಸೇರಿ ಈ ಊರಾಗಿದೆ. ಪಡುವಣಕ್ಕೆ ಅರಬ್ಬೀ ಸಮುದ್ರ. ಮೂಡಣಕ್ಕೆ, ಹೆಚ್ಚು ದೂರವಿಲ್ಲದೆ, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ. ನವಮಂಗಳೂರು ಬಂದರಿನಲ್ಲಿ ಇಳಿದ ಹೊರದೇಶದ ಕಲ್ಲಿದ್ದಲನ್ನು ಉರಿಸಿ 1,200 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸಾಮರ್ಥ್ಯ ಅದಕ್ಕಿದೆ. ಅದರ ಮೊದಲ ಘಟಕವು 2010ರಲ್ಲಿ, ಎರಡನೆಯದು 2012ರಲ್ಲಿ ಕಾರ್ಯಾರಂಭ ಮಾಡಿದವು. ಲ್ಯಾಂಕೋ ಸಮೂಹದ ಕೈಯಲ್ಲಿದ್ದ ಈ ಸ್ಥಾವರವು 2015ರಲ್ಲಿ ಅದಾನಿ ಪವರ್ ಸಂಸ್ಥೆಯ ವಶವಾಯಿತು. ಇನ್ನು ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ರಾಷ್ಟ್ರದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾತೈಲವನ್ನು ಕೂಡಿಡುವ ಗುಹೆಗಳನ್ನು ನಿರ್ಮಿಸಲಾಗಿದೆ. ಮೀನುಗಾರಿಕೆ, ಗದ್ದೆ, ತೆಂಗು ಇವಿಷ್ಟನ್ನೇ ನಂಬಿಕೊಂಡಿದ್ದ ಸಣ್ಣದೊಂದು ಸೀಮೆಯಲ್ಲಿ ಒಂದೇ ತಲೆಮಾರಿನ ಅವಧಿಯೊಳಗೆ ಇಷ್ಟೆಲ್ಲ ನಡೆದುಹೋಗಿದೆ.

ಇಂಥ ನೆರೆಹೊರೆಯಲ್ಲಿರುವ ಸರ್ಕಾರಿ ಶಾಲೆಗೆ ಉದ್ಯಮದಿಂದ ಏನು ದೊರೆಯಬೇಕು, ಅದು ಯಾವ ಕ್ರಮದಲ್ಲಿ ದೊರೆಯಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ಪುಸ್ತಕ, ಚೀಲ, ವಿದ್ಯಾರ್ಥಿವೇತನಗಳ ನೆರವು ಕಾರ್ಖಾನೆಗಳ ಸುತ್ತಲಿನ ಶಾಲೆಗಳಿಗೆ ಎಲ್ಲೆಡೆಯೂ ಬರುತ್ತದೆ. ಅದು ಒಳ್ಳೆಯದೇ. ಆದರೆ ಪುಸ್ತಕ ಒಂದು ವರ್ಷದ ಮಾತು. ಕಟ್ಟಡವಾದರೋ ಐವತ್ತು ವರ್ಷದ್ದು. ನಮ್ಮ ಓದುಗ ಬಂಧುಗಳಲ್ಲಿ ಬಹುಮಂದಿ ಬಯಲುಸೀಮೆಯವರು. ಸಿಮೆಂಟು, ಸಕ್ಕರೆ, ಉಕ್ಕಿನ ಕಾರ್ಖಾನೆಗಳ ಮಗ್ಗುಲಲ್ಲಿ ಬಾಳುವ ಅವರಿಗೂ ಕರಾವಳಿಯ ಈ ಉದಾಹರಣೆಯು ಹೊರತಾದುದೆಂದು ತೋರಲಾರದು.

ಮೊದಲಿಗೆ ಕಾಯಿದೆಯ ಮಾತು. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದಿದ್ದರೂ ಆ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕಾರ್ಯಕ್ಕೆ ವ್ಯಯಿಸತಕ್ಕದ್ದು. ಶಿಕ್ಷಣವು ಆ ಕಾರ್ಯಗಳ ಪಟ್ಟಿಯಲ್ಲಿದೆ. ತಾನು ಕೆಲಸ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಆದ್ದರಿಂದ ಕಾರ್ಖಾನೆಯ ಬಾಗಿಲಿಗೆ ಹೋಗುವ ಗ್ರಾಮಸ್ಥರು ಬೇಡುವವರ ಮುಖ ಹೊತ್ತು ಹೋಗಬೇಕಾದ ಕಾರಣವಿಲ್ಲ. ಹಾಗೆಯೇ ಕೊಡುವವರು ಗೋಡೆಯ ತುಂಬ ತಮ್ಮ ಹೆಸರನ್ನು ಬರೆಸಿಕೊಳ್ಳಬೇಕಾದ ಕಾರಣವೂ ಇಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟೆನೆಂಬ ಅಹಂಕಾರವು ಕಳೆದ ಮೇಲೆ ಉಳಿಯುವುದು ಯಾವುದೋ ಅದು ದಾಸೋಹ.

ಉದ್ಯಮವೂ ವಿದ್ಯೆಯೂ ಕೈಹಿಡಿದು ನಡೆದುದು ಈ ಜಿಲ್ಲೆಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಮೂಲಧನದೊಡನೆ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಅನ್ನು ಕಟ್ಟಿದರು. ಆಗ ಯಾವ ಕಾಯಿದೆಯೂ ಅವರನ್ನು ಒತ್ತಾಯಿಸಿರಲಿಲ್ಲ. ಅತ್ತ ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದಾಗಲೂ ಹಾಗೆಯೇ. ಆದರೆ ಇವೆಲ್ಲ ತಮ್ಮದೇ ಸಂಸ್ಥೆಗಳನ್ನು ಕಟ್ಟಿ ತಾವೇ ನಡೆಸಿದ ಕಥೆಗಳು. ಸರ್ಕಾರದ ಶಾಲೆಗೆ ಖಾಸಗಿ ಹಣದಿಂದ ಕಟ್ಟಡ ಕಟ್ಟಿಕೊಡುವ ಕೆಲಸದಲ್ಲಿ ಕೊಡುವವನೊಬ್ಬ, ಒಡೆಯನೊಬ್ಬ, ಬಳಸುವವನು ಮತ್ತೊಬ್ಬ. ತೊಡಕೆಲ್ಲ ಇರುವುದು ಇಲ್ಲಿಯೇ. 2024ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಉದ್ಯಮಗಳ ಹೊಣೆಗಾರಿಕೆ ನಿಧಿಯಿಂದ ಗ್ರಾಮೀಣ ಭಾಗಗಳಲ್ಲಿ 2,000 ಶಾಲೆಗಳನ್ನು ಕಟ್ಟಿಸುವ ಆಶಯವನ್ನು ಪ್ರಕಟಿಸಿದ ಮೇಲಂತೂ ಈ ತೊಡಕನ್ನು ಬಿಡಿಸಿಕೊಳ್ಳದೆ ವಿಧಿಯಿಲ್ಲ.

ಯೋಜನೆಯು ಮಕ್ಕಳ ಲೆಕ್ಕದಿಂದ ತೊಡಗಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 90ರ ತನಕ ಮೂವರು, 120ರ ತನಕ ನಾಲ್ವರು ಇರಬೇಕು. ಶಿಕ್ಷಕರೊಬ್ಬರಿಗೆ ಕನಿಷ್ಠ ಒಂದು ಕೊಠಡಿ, ಕಚೇರಿ ಮತ್ತು ಉಗ್ರಾಣಕ್ಕೆ ಒಂದು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು, ಆವರಣ ಗೋಡೆ, ಅಂಗವಿಕಲ ಮಕ್ಕಳೂ ನಿರಾತಂಕವಾಗಿ ಪ್ರವೇಶಿಸುವಂಥ ದಾರಿ, ಇಷ್ಟು ಅಲ್ಲಿ ಹೇಳಿರುವ ಅಗತ್ಯಗಳು. 40 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಎಂಟು ಕೊಠಡಿಗಳ ಸೌಧವನ್ನು ಕಟ್ಟಿಸಿ ಉದ್ಘಾಟನೆ ಮಾಡಿದರೆ ಛಾಯಾಚಿತ್ರ ಚೆನ್ನಾಗಿ ಬರಬಹುದು. ಆ ಹಣದಲ್ಲಿ ನೆರೆಯ ಎರಡು ಶಾಲೆಗಳ ಶೌಚಾಲಯ ಮತ್ತು ಬಾವಿಗಳು ಸುಧಾರಿಸುತ್ತಿದ್ದವು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವ ಕರಾವಳಿಯಲ್ಲಿ ಈ ಲೆಕ್ಕವನ್ನು ಎರಡು ಬಾರಿ ಮಾಡಬೇಕು. ಇಂದು ಎಷ್ಟು ಮಕ್ಕಳಿದ್ದಾರೆ ಎಂಬುದು ಒಂದು ಲೆಕ್ಕ; ಅಂಗನವಾಡಿಯಲ್ಲಿ ಕುಳಿತಿರುವವರು ಎಷ್ಟು ಮಂದಿ ಎಂಬುದು ಇನ್ನೊಂದು. ಹೆದ್ದಾರಿ ನಾಲ್ಕು ಪಥವಾದ ಮೇಲೆ ಎರ್ಮಾಳಿನಂಥ ಊರಿನಲ್ಲಿ ಮಗು ರಸ್ತೆ ದಾಟಬೇಕೆ, ದಾಟುವುದಾದರೆ ಎಲ್ಲಿ ಎಂಬುದೂ ಶಾಲೆಯ ನಕ್ಷೆಯ ಭಾಗವೇ ಆಗಿದೆ.

ಇನ್ನು ಕಟ್ಟಡದ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಈ ಸೀಮೆಯ ಹಳೆಯ ಶಾಲೆಗಳು ಮುರಕಲ್ಲಿನ ಗೋಡೆ, ಮರದ ಜಂತಿ, ಮಂಗಳೂರು ಹೆಂಚಿನ ಇಳಿಜಾರು ಮಾಡಿನವು. ಹೆಂಚೂ ಒಂದು ಉದ್ಯಮದ ಕೊಡುಗೆಯೇ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಕಾರ್ಖಾನೆಯನ್ನು ಆರಂಭಿಸಿದರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನಾಡಿನಲ್ಲಿ ಇಳಿಜಾರು ಮಾಡು ಅನುಭವದಿಂದ ಬಂದ ವಿವೇಕ. ಆಮೇಲೆ ಬಂದುದು ಕಾಂಕ್ರೀಟಿನ ಸಮತಟ್ಟು ತಾರಸಿ. ಅದು ಸೋರತೊಡಗಿದ ಮೇಲೆ ಅದರ ಮೇಲೊಂದು ತಗಡಿನ ಚಪ್ಪರ. ಹೀಗೆ ಒಂದೇ ಕೋಣೆಗೆ ಎರಡು ಮಾಡುಗಳ ವೆಚ್ಚವನ್ನು ತೆರುವುದು ಕರಾವಳಿಯಲ್ಲಿ ಕಾಣುವ ಸಾಮಾನ್ಯ ನೋಟ.

ಸೋರುವುದಕ್ಕಿಂತ ಕೆಡುಕಾದುದು ಉಪ್ಪುಗಾಳಿ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಗಾರೆ ಸಿಡಿದು ಹಲ್ಲೆ ಹಲ್ಲೆಯಾಗಿ ಕೆಳಗೆ ಬೀಳುತ್ತದೆ. ಅದರ ಅಡಿಯಲ್ಲಿ ಕುಳಿತಿರುವವರು ಏಳೆಂಟು ವರ್ಷದ ಮಕ್ಕಳು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 456 ಸಂಹಿತೆಯು ಇದನ್ನು ಸ್ಪಷ್ಟವಾಗಿ ಗುರುತಿಸಿದೆ. ಸೌಮ್ಯ ಹವೆಯಲ್ಲಿ ಎಂ-20 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 20 ಮಿಲಿಮೀಟರ್ ಹೊದಿಕೆ ಸಾಕೆನ್ನುವ ಅದೇ ಸಂಹಿತೆ, ಕಡಲ ವಾತಾವರಣಕ್ಕೆ ತೆರೆದುಕೊಂಡ ಕಟ್ಟಡಕ್ಕೆ ಕನಿಷ್ಠ ಎಂ-30 ದರ್ಜೆಯನ್ನೂ 45 ಮಿಲಿಮೀಟರ್ ಹೊದಿಕೆಯನ್ನೂ ವಿಧಿಸುತ್ತದೆ. ಅಂದಮೇಲೆ ಬಯಲುಸೀಮೆಯ ಊರಿಗೂ ಎರ್ಮಾಳಿಗೂ ಒಂದೇ ನಕ್ಷೆ, ಒಂದೇ ಅಂದಾಜುಪಟ್ಟಿ ಹೊಂದುವುದಾದರೂ ಹೇಗೆ? 2022ರಲ್ಲಿ ರಾಜ್ಯ ಸರ್ಕಾರವು ‘ವಿವೇಕ’ ಯೋಜನೆಯಡಿ 7,601 ಕೊಠಡಿಗಳ ನಿರ್ಮಾಣವನ್ನು ಕೈಗೆತ್ತಿಕೊಂಡಾಗ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದುದು ಗೋಡೆಯ ಬಣ್ಣದ ಬಗೆಗೆ! ಬಣ್ಣದ ಮೇಲೆ ನಡೆದ ವಾದದ ಹತ್ತರಲ್ಲೊಂದು ಪಾಲು ಸರಳಿನ ಹೊದಿಕೆಯ ಮೇಲೆ ನಡೆದಿದ್ದರೆ ಮಕ್ಕಳಿಗೆ ಉಪಕಾರವಾಗುತ್ತಿತ್ತು. ಉದ್ಯಮವು ಇಲ್ಲಿ ಹಣಕ್ಕಿಂತ ಮಿಗಿಲಾದುದನ್ನು ಕೊಡಬಲ್ಲುದು. ಕಡಲ ಬದಿಯಲ್ಲಿ ವಿದ್ಯುತ್ ಸ್ಥಾವರವನ್ನೇ ಎಬ್ಬಿಸಿದ ಎಂಜಿನಿಯರುಗಳಿಗೆ ಉಪ್ಪುಗಾಳಿಯ ಗುಣ ಗೊತ್ತಿದೆ. ಮಣ್ಣಿನ ಪರೀಕ್ಷೆ, ಕಾಂಕ್ರೀಟಿನ ಪರೀಕ್ಷೆ, ನಕ್ಷೆಯ ತಿದ್ದುಪಡಿ, ಇವನ್ನು ಊರಿನ ಶಾಲೆಗೆ ಮಾಡಿಕೊಡುವುದು ಅವರಿಗೆ ಕೆಲವು ದಿನಗಳ ಕೆಲಸ.

ವೆಚ್ಚದ ವಿಷಯದಲ್ಲಿ ಎರಡು ಗುಟ್ಟುಗಳನ್ನು ಗ್ರಾಮಸ್ಥರು ತಿಳಿದಿರಬೇಕು. ಒಂದು ತೆರಿಗೆ. ಗುತ್ತಿಗೆದಾರನ ಕೆಲಸದ ಮೌಲ್ಯ ಒಂದು ಕೋಟಿಯಾದರೆ ಅದರ ಮೇಲೆ ಶೇಕಡ 18ರಂತೆ ಜಿ.ಎಸ್.ಟಿ. ಸೇರಿ 1 ಕೋಟಿ 18 ಲಕ್ಷವಾಗುತ್ತದೆ. ಈ ಹೊಣೆಗಾರಿಕೆಯ ಕೆಲಸಕ್ಕೆ ತೆತ್ತ ತೆರಿಗೆಯನ್ನು ಕಂಪನಿಯು 2023ರ ಅಕ್ಟೋಬರಿನಿಂದ ಬೇರೆಡೆ ಹೊಂದಿಸಿಕೊಳ್ಳುವಂತಿಲ್ಲ. ಆದುದರಿಂದ ‘ಒಂದು ಕೋಟಿಯ ಕೊಡುಗೆ’ ಎಂದು ಘೋಷಿಸಿದಾಗ ಅದರಲ್ಲಿ ಕಲ್ಲು ಗಾರೆಗೆ ಸಲ್ಲುವುದೆಷ್ಟು ಎಂದು ಕೇಳಿಕೊಳ್ಳುವುದು ಮೇಲು.

ಎರಡನೆಯದು ಪಂಚಾಂಗದ ಗುಟ್ಟು. ಕಂಪನಿಯ ವರ್ಷ ಏಪ್ರಿಲಿನಿಂದ ಮಾರ್ಚಿನವರೆಗೆ; ಶಾಲೆಯ ವರ್ಷ ಜೂನಿನಿಂದ ತೊಡಗುವುದು; ಕರಾವಳಿಯಲ್ಲಿ ಕಟ್ಟಡದ ಕೆಲಸವಾದರೋ ಅಕ್ಟೋಬರಿನಿಂದ ಮೇ ತಿಂಗಳ ತನಕ ಮಾತ್ರ ಸರಾಗ. ಆಡಳಿತ ಮಂಡಳಿಯ ಒಪ್ಪಿಗೆ ಮಳೆಗಾಲದಲ್ಲಿ ದೊರೆತು, ಟೆಂಡರು ದೀಪಾವಳಿಗೆ ಮುಗಿದು, ತಳಪಾಯ ಸಂಕ್ರಾಂತಿಗೆ ಬಿದ್ದರೆ, ಮಾರ್ಚಿನೊಳಗೆ ಬಿಲ್ಲು ತೀರಿಸುವ ಅವಸರದಲ್ಲಿ ಕಾಂಕ್ರೀಟಿಗೆ ನೀರುಣಿಸುವ ದಿನಗಳೂ ಕಡಿತವಾಗುತ್ತವೆ. ಈ ಅವಸರಕ್ಕೆ ಕಾನೂನಿನ ನೆವ ಈಗಿಲ್ಲ. 2021ರ ನಿಯಮಗಳಂತೆ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಪರಿಗಣಿಸಿದರೆ, ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳ ಅವಕಾಶವಿದೆ. ಉಳಿದ ಹಣವನ್ನು ವರ್ಷಾಂತ್ಯದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟರಾಯಿತು. ಅದೇ ನಿಯಮಗಳಂತೆ ಹೀಗೆ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಸರ್ಕಾರಿ ಶಾಲೆಯ ಕಟ್ಟಡವು ಕಾಗದಪತ್ರ ಸಮೇತ ಇಲಾಖೆಗೆ ಹಸ್ತಾಂತರವಾಗಬೇಕು. ಆ ಪತ್ರದ ಪ್ರತಿಯೊಂದು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಬೇಕು.

ಪರಿಶೀಲನೆಯ ಹೊಣೆ ಯಾರದು? ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕಟ್ಟಿಸಿದ ಸಾರ್ವಜನಿಕ ಶಾಲೆಗಳ ವೃತ್ತಾಂತ ಇಲ್ಲಿ ಸ್ಮರಣೀಯ. 2016ರ ಜನವರಿ 29ರಂದು ಬಿರುಗಾಳಿಗೆ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಸುಮಾರು ಒಂಬತ್ತು ಟನ್ ತೂಕದ ಗೋಡೆಯೊಂದು ಕುಸಿಯಿತು. ಮಕ್ಕಳು ಬರುವುದಕ್ಕೆ ಮೊದಲೇ ಬಿದ್ದುದರಿಂದ ಪ್ರಾಣಹಾನಿ ತಪ್ಪಿತು. ಏಪ್ರಿಲಿನಲ್ಲಿ ಅದೇ ಒಪ್ಪಂದದಡಿಯ 17 ಶಾಲೆಗಳನ್ನು ಮುಚ್ಚಬೇಕಾಯಿತು. ಜೋಡಿಗೋಡೆಗಳನ್ನು ಬಿಗಿಯುವ ಕೊಂಡಿಗಳನ್ನು ಸರಿಯಾಗಿ ಹುದುಗಿಸಿರಲಿಲ್ಲ, ಕೆಲಸ ನಡೆಯುವಾಗ ಸ್ವತಂತ್ರವಾಗಿ ನೋಡಿದವರೂ ಇರಲಿಲ್ಲವೆಂದು 2017ರ ವಿಚಾರಣಾ ವರದಿ ತಿಳಿಸಿತು. ಕಟ್ಟುವವನೇ ತನ್ನ ಕೆಲಸಕ್ಕೆ ಪ್ರಮಾಣಪತ್ರ ಬರೆದುಕೊಂಡರೆ ಸಿರಿವಂತ ದೇಶದಲ್ಲಿಯೂ ಗೋಡೆ ನಿಲ್ಲದು. ನಮ್ಮಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ 2025ರ ಜುಲೈ 25ರಂದು ಸರ್ಕಾರಿ ಶಾಲೆ ಕುಸಿದು ಏಳು ಮಕ್ಕಳು ತೀರಿಕೊಂಡರು. ಅಲ್ಲಿಯದು ಜೀರ್ಣವಾದ ಕಟ್ಟಡ. ಹೊಸದನ್ನು ಕಟ್ಟಿಕೊಡಲು ದಾನಿಗಳು ಸಿಗುತ್ತಾರೆ. ಹಳೆಯದನ್ನು ದುರಸ್ತಿ ಮಾಡಿಕೊಡುವವರು ವಿರಳ. ದುರಸ್ತಿಗೆ ಶಿಲಾಫಲಕವಿಲ್ಲವಷ್ಟೆ!

ದುರಸ್ತಿಗೆ ಸರ್ಕಾರದಿಂದ ಬರುವುದೇನು ಎಂದರೆ, ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಶುಚಿತ್ವ ಎಲ್ಲವೂ ಅದರಲ್ಲಿಯೇ. ಆದ್ದರಿಂದ ಉದ್ಯಮದೊಡನೆ ಮಾಡಿಕೊಳ್ಳುವ ಒಡಂಬಡಿಕೆಯಲ್ಲಿ ಕನಿಷ್ಠ ಕೆಲವು ವರ್ಷಗಳ ನಿರ್ವಹಣೆಯ ಮಾತನ್ನು ಬರವಣಿಗೆಯಲ್ಲಿ ಸೇರಿಸುವುದು ಅವಶ್ಯ. ಲಾಭವಿಲ್ಲದ ವರ್ಷದಲ್ಲಿ ಕಂಪನಿಯ ನಿಧಿಯೂ ಬತ್ತಬಹುದೆಂಬುದನ್ನು ನೆನಪಿಟ್ಟುಕೊಂಡು ಆ ಮೊತ್ತವನ್ನು ಮೊದಲೇ ತೆಗೆದಿರಿಸಬೇಕು.

ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗಿದೆ. ಎಲ್ಲೂರಿನ ಸ್ಥಾವರದಿಂದ ಪರಿಸರಕ್ಕಾದ ಹಾನಿಯ ಬಗೆಗೆ ಸುತ್ತಲಿನ ಜನ ಬಹುಕಾಲ ಹೋರಾಡಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರವನ್ನು ವಿಧಿಸಿ ಆದೇಶಿಸಿತು. ಪರಿಹಾರ ಬೇರೆ, ಕೊಡುಗೆ ಬೇರೆ. ಬೇರೆ ಕಾನೂನಿನಡಿ ತೀರಿಸಲೇಬೇಕಾದ ಹೊಣೆಯ ವೆಚ್ಚವನ್ನು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಹಿಡಿಯಕೂಡದೆಂದು ನಿಯಮವೇ ಹೇಳುತ್ತದೆ. ಶಾಲೆಗೆ ಎರಡು ಕೊಠಡಿ ಬಂದವೆಂದು ಬೂದಿ, ಬಾವಿಯ ನೀರು, ಬೆಳೆಯ ಕುರಿತಾದ ದೂರುಗಳನ್ನು ಹಿಂತೆಗೆದುಕೊಳ್ಳಬೇಕೆಂದು ಯಾರಾದರೂ ಸೂಚಿಸಿದರೆ ಅದು ಅಧರ್ಮ. ದೂರು ಕೊಟ್ಟವರ ಮಗುವಿಗೂ ಶಾಲೆಯಲ್ಲಿ ಸಮಾನ ಆಸನವಿದೆ. ಅಂತೆಯೇ ದೂರಿನ ಕಾರಣಕ್ಕೆ ನ್ಯಾಯವಾಗಿ ಬರತಕ್ಕ ನೆರವನ್ನು ನಿರಾಕರಿಸುವ ಹಟವೂ ಮಕ್ಕಳಿಗೆ ಹಿತವಲ್ಲ.

ಇವೆಲ್ಲವನ್ನೂ ಕುಳಿತು ತೀರ್ಮಾನಿಸಬೇಕಾದ ಸ್ಥಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಮಹಿಳೆಯರು ಆಗಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವ ಅಧಿಕಾರವೂ ಅದಕ್ಕುಂಟು. ಕೇಂದ್ರದ ಮಾದರಿ ನಿಯಮಗಳು ಅದನ್ನು ಮೂರು ವರ್ಷಗಳ ಯೋಜನೆಯಾಗಿ, ವರ್ಷಕ್ಕೊಂದು ಉಪಯೋಜನೆಯೊಡನೆ, ಹಣಕಾಸು ವರ್ಷ ಮುಗಿಯುವುದಕ್ಕೆ ಮೂರು ತಿಂಗಳ ಮುಂಚೆಯೇ ಸಿದ್ಧಪಡಿಸಬೇಕೆನ್ನುತ್ತವೆ. ಅಂದರೆ ಡಿಸೆಂಬರ್ ಅಂತ್ಯಕ್ಕೆ. ಕಂಪನಿಯ ಸಮಿತಿಯೂ ಮುಂದಿನ ವರ್ಷದ ಕಾರ್ಯಯೋಜನೆಯನ್ನು ರೂಪಿಸಿ ಮಂಡಳಿಗೆ ಒಪ್ಪಿಸಬೇಕಾಗಿದೆ. ಪಾಲಕರು ಬರೆದ ಕಾಗದವು ಅದಕ್ಕಿಂತ ಮೊದಲೇ ಕಾರ್ಖಾನೆಯ ಕಚೇರಿಯನ್ನು ತಲುಪಿದರೆ ಕೊಠಡಿ ಬೇಕೋ, ಬಾವಿ ಬೇಕೋ, ಹಳೆಯ ಹೆಂಚಿನ ಮಾಡಿಗೆ ಹೊಸ ಜಂತಿ ಬೇಕೋ ಎಂಬುದನ್ನು ಹೇಳಿದವರು ಊರಿನವರೇ ಆಗಿರುತ್ತಾರೆ.