ಬೀಟ್ ಸಕ್ಕರೆ ಊರಿನ ಫುಟ್‌ಬಾಲ್

2002ರ ಸೆಪ್ಟೆಂಬರ್ 19ರ ರಾತ್ರಿ ಗ್ಲಾಸ್ಗೋ ನಗರದ ಸೆಲ್ಟಿಕ್ ಪಾರ್ಕ್‌ನಲ್ಲಿ ಲಿಥುವೇನಿಯಾದ ಸೂದುವಾ ಎಂಬ ತಂಡ 1–8ರಿಂದ ಸೋತಿತು. ಯುಇಎಫ್‌ಎ ಕಪ್‌ನ ಮೊದಲ ಸುತ್ತಿನ ಪಂದ್ಯ. ಸ್ವೀಡನ್ನಿನ ಹೆನ್ರಿಕ್ ಲಾರ್ಸನ್ ಅಂದು ಹ್ಯಾಟ್ರಿಕ್ ಬಾರಿಸಿದರು. ಲಿಥುವೇನಿಯಾದಲ್ಲಿ ನಡೆದ ಎರಡನೇ ಲೆಗ್‌ನಲ್ಲಿ ಮತ್ತೆರಡು ಗೋಲು ಬಿದ್ದವು. ಸೆಲ್ಟಿಕ್ ಆ ಋತುವಿನಲ್ಲಿ ಫೈನಲ್‌ವರೆಗೂ ಹೋಯಿತು. ಸೂದುವಾ ತನ್ನೂರಿಗೆ ಮರಳಿತು.

ಅದಾಗಿ 16 ವರ್ಷಕ್ಕೆ, 2018ರ ಆಗಸ್ಟ್ 23ರಂದು, ಸೆಲ್ಟಿಕ್ ತಂಡವೇ ಸೂದುವಾದ ಊರಿಗೆ ಬಂತು. ಮೂರನೇ ನಿಮಿಷದಲ್ಲೇ ಒಲಿವಿಯೆ ಎನ್‌ಚಾಮ್ ಗೋಲು ಹೊಡೆದಾಗ ಹಳೆಯ ಲೆಕ್ಕವೇ ಮುಂದುವರಿಯುತ್ತದೆ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಹತ್ತೇ ನಿಮಿಷದಲ್ಲಿ ಒವಿದಿಯುಸ್ ವೆರ್ಬಿಕಸ್ ಸಮ ಮಾಡಿದರು. ಪಂದ್ಯ 1–1ರಲ್ಲಿ ಮುಗಿಯಿತು. ಸಣ್ಣ ದೇಶದ ಸಣ್ಣ ಊರಿನ ಕ್ಲಬ್ಬೊಂದು 16 ವರ್ಷದಲ್ಲಿ ಎಷ್ಟು ದೂರ ನಡೆದಿತ್ತು ಎಂಬುದಕ್ಕೆ ಈ ಎರಡು ಸ್ಕೋರುಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಊರಿನ ಹೆಸರು ಮಾರಿಯಾಂಪೋಲೆ. ಲಿಥುವೇನಿಯಾದ ನೈರುತ್ಯ ಮೂಲೆಯಲ್ಲಿ, ಪೋಲೆಂಡ್ ಗಡಿಗೆ ಹತ್ತಿರ, ಶೆಶುಪೆ ನದಿಯ ದಂಡೆಯಲ್ಲಿದೆ. ಜನಸಂಖ್ಯೆ 35,000ದ ಆಸುಪಾಸು. ಸುತ್ತಲಿನ ಸೀಮೆಯನ್ನು ಸೂದುವಾ ಎನ್ನುತ್ತಾರೆ; ಬಹಳ ಹಿಂದೆ ಇಲ್ಲಿ ನೆಲೆಸಿದ್ದ ಬಾಲ್ಟಿಕ್ ಬುಡಕಟ್ಟಿನಿಂದ ಬಂದ ಹೆಸರದು. ದೇಶದ ಫಲವತ್ತಾದ ಮಣ್ಣಿಗೆ ಈ ಸೀಮೆ ಹೆಸರುವಾಸಿ. ಬೀಟ್‌ನಿಂದ ಸಕ್ಕರೆ ಮಾಡುವ ಕಾರ್ಖಾನೆ 1930ರ ದಶಕದಿಂದಲೂ ಇಲ್ಲಿದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಊರಿಗೆ ಇನ್ನೊಂದು ಖ್ಯಾತಿ ಬಂತು. ಪಶ್ಚಿಮ ಯುರೋಪಿನ ಹಳೆಯ ಕಾರುಗಳು ಬಂದು ಪೂರ್ವದ ದೇಶಗಳಿಗೆ ಮಾರಾಟವಾಗುತ್ತಿದ್ದ ದೊಡ್ಡ ಸಂತೆ ಇದೇ ಊರಿನದಾಗಿತ್ತು. ಲಿಥುವೇನಿಯಾದ ರಾಷ್ಟ್ರಗೀತೆ ಬರೆದ ವಿಂಸಸ್ ಕುದಿರ್ಕ ಓದಿದ ಪ್ರೌಢಶಾಲೆ ಕೂಡ ಇಲ್ಲಿಯದೇ. ಇಷ್ಟಾದರೂ ಹೊರಗಿನವರಿಗೆ ಈ ಊರಿನ ಹೆಸರು ತಲುಪಿದ್ದು ಹೆಚ್ಚಾಗಿ ಫುಟ್‌ಬಾಲ್‌ನಿಂದ.

ಇದು ಸುಲಭದ ಮಾತಲ್ಲ. ಲಿಥುವೇನಿಯಾ ಬಾಸ್ಕೆಟ್‌ಬಾಲ್‌ನ ದೇಶ. ಮೂವತ್ತು ಲಕ್ಷವೂ ಇಲ್ಲದ ಜನ ಮೂರು ಬಾರಿ ಯುರೋಪಿನ ಬಾಸ್ಕೆಟ್‌ಬಾಲ್ ಚಾಂಪಿಯನ್ನರಾಗಿದ್ದಾರೆ: 1937, 1939, 2003. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ಅರ್ವಿದಸ್ ಸಬೋನಿಸ್ ಮತ್ತು ಗೆಳೆಯರು ಕಂಚು ಗೆದ್ದದ್ದು ಅಲ್ಲಿ ಮನೆಮನೆಯ ಕಥೆ. ಚಳಿಗಾಲದ ತಿಂಗಳುಗಳಲ್ಲಿ ಹೊರಗೆ ಹಿಮ, ಒಳಗೆ ಬಾಸ್ಕೆಟ್‌ಬಾಲ್. ಫುಟ್‌ಬಾಲ್‌ಗೆ ಉಳಿಯುವುದು ಮಾರ್ಚ್‌ನಿಂದ ನವೆಂಬರ್‌ವರೆಗಿನ ಅವಧಿ. ಎ ಲೀಗಾ ಎಂಬ ಅಗ್ರ ಲೀಗ್ ನಡೆಯುವುದು ಆಗಲೇ. 2017ರಲ್ಲಿ ಅದರಲ್ಲಿ ಇದ್ದದ್ದು ಬರೀ 8 ತಂಡ. ಒಂದೇ ಎದುರಾಳಿಯನ್ನು ವರ್ಷದಲ್ಲಿ ನಾಲ್ಕು ಬಾರಿಯಾದರೂ ಎದುರಿಸಬೇಕು. ನಮ್ಮ ಐಎಸ್‌ಎಲ್ ನೋಡುವವರಿಗೆ 2024ರಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಆಡಿದ ಫೆದೋರ್ ಚೆರ್ನಿಖ್ ನೆನಪಿರಬಹುದು. ಆಗ ಅವರು ಲಿಥುವೇನಿಯಾ ರಾಷ್ಟ್ರೀಯ ತಂಡದ ನಾಯಕರಾಗಿದ್ದರು. ಆ ದೇಶದ ಫುಟ್‌ಬಾಲ್‌ನೊಂದಿಗೆ ನಮ್ಮ ಪರಿಚಯ ಬಹುಮಟ್ಟಿಗೆ ಅಷ್ಟೇ.

ಸೂದುವಾ ಕ್ಲಬ್ ತನ್ನ ಹುಟ್ಟನ್ನು 1968ರಿಂದ ಎಣಿಸುತ್ತದೆ. ಆಗ ಊರಿಗೆ ಮಾರಿಯಾಂಪೋಲೆ ಎಂಬ ಹೆಸರೂ ಇರಲಿಲ್ಲ. 1955ರಿಂದ 1989ರವರೆಗೆ ಕಮ್ಯುನಿಸ್ಟ್ ನಾಯಕನೊಬ್ಬನ ಹೆಸರಿನಲ್ಲಿ ಅದು ಕಪ್ಸುಕಸ್ ಆಗಿತ್ತು. ಸೋವಿಯತ್ ಒಕ್ಕೂಟದ ಅಗ್ರ ಲೀಗ್‌ನಲ್ಲಿ ಲಿಥುವೇನಿಯಾದ ಪರ ಆಡುತ್ತಿದ್ದದ್ದು ರಾಜಧಾನಿ ವಿಲ್ನಿಯಸ್‌ನ ಝಾಲ್ಗಿರಿಸ್ ಒಂದೇ; 1987ರಲ್ಲಿ ಅದು ಮೂರನೇ ಸ್ಥಾನಕ್ಕೂ ಏರಿತ್ತು. ಉಳಿದ ಊರುಗಳ ತಂಡಗಳು ಗಣರಾಜ್ಯದೊಳಗಿನ ಪಂದ್ಯಾವಳಿಗಳಲ್ಲಿ ಆಡಿಕೊಂಡಿದ್ದವು. ಸೂದುವಾ ಕೂಡ ಹಾಗೆಯೇ ಇತ್ತು. 1990ರಲ್ಲಿ ದೇಶ ಸ್ವತಂತ್ರವಾಯಿತು. ಆ ಮೇಲಿನ ಹತ್ತು ವರ್ಷದಲ್ಲೂ ಪ್ರಶಸ್ತಿಗಳು ಹೋದದ್ದು ಬೇರೆ ಊರುಗಳಿಗೆ.

2002ರಲ್ಲಿ ನಾರ್ವೆಯ ಬ್ರಾನ್ ತಂಡವನ್ನು ಅರ್ಹತಾ ಸುತ್ತಿನಲ್ಲಿ ಸೋಲಿಸಿದ್ದೇ ಸೂದುವಾಗೆ ಸಿಕ್ಕ ಮೊದಲ ದೊಡ್ಡ ಸುದ್ದಿ. ಆ ಗೆಲುವೇ ಅವರನ್ನು ಸೆಲ್ಟಿಕ್ ಪಾರ್ಕ್‌ಗೆ ಕರೆದೊಯ್ದದ್ದು. ಎಂಟು ಗೋಲುಗಳ ಆ ಪಂದ್ಯವನ್ನು ಮುಖಭಂಗ ಎಂದು ಬರೆದು ಮುಗಿಸಬಹುದು. ನಾನು ಹಾಗೆ ಬರೆಯಲಾರೆ. ಸೋವಿಯತ್ ಕಾಲದ ಹಳೆಯ ಅಂಗಳದಲ್ಲಿ ಬೆಳೆದ ತಂಡಕ್ಕೆ ಯುರೋಪಿನ ಪಂದ್ಯ ಹೇಗಿರುತ್ತದೆ, ಎಷ್ಟು ವೇಗ ಬೇಕು, ಎಂಥ ಮೈದಾನ ಬೇಕು ಎಂಬುದು ಕಣ್ಣಾರೆ ಕಂಡದ್ದು ಅಂದೇ. 2006ರಲ್ಲಿ ಕ್ಲಬ್ ಮೊದಲ ಬಾರಿಗೆ ಲಿಥುವೇನಿಯಾ ಕಪ್ ಗೆದ್ದಿತು, 2009ರಲ್ಲಿ ಇನ್ನೊಮ್ಮೆ. ಲೀಗ್‌ನಲ್ಲಿ 2007 ಮತ್ತು 2010ರಲ್ಲಿ ಎರಡನೇ ಸ್ಥಾನ.

ಈ ನಡುವೆ 2008ರಲ್ಲಿ ಊರಿಗೊಂದು ಹೊಸ ಕ್ರೀಡಾಂಗಣ ಬಂತು. ಸುಮಾರು ಆರು ಸಾವಿರ ಜನ ಕೂರಬಹುದಾದ ಇದನ್ನು ನೋಡಿದರೆ ದೊಡ್ಡದೆನಿಸದು. ಆದರೆ ಊರಿನ ಆರು ಜನರಲ್ಲಿ ಒಬ್ಬರಿಗೆ ಅಲ್ಲಿ ಕುರ್ಚಿ ಇದೆ ಎಂದು ಲೆಕ್ಕ ಹಾಕಿದರೆ ಅದರ ಗಾತ್ರ ತಿಳಿದೀತು. ಗೊಬ್ಬರ, ಸಕ್ಕರೆ, ಟರ್ಕಿ ಕೋಳಿ ಸಾಕಣೆಯಲ್ಲಿ ತೊಡಗಿದ್ದ ಆರ್ವಿ ಎಂಬ ಸ್ಥಳೀಯ ಉದ್ಯಮದ ಹೆಸರನ್ನು ಅದಕ್ಕೆ ಇಟ್ಟಿದ್ದರು. ನಂತರ ಅದು ಹಿಕ್‌ವಿಷನ್ ಅರೀನಾ ಆಯಿತು. ಕ್ರೀಡಾಂಗಣದ ಮಟ್ಟ ಎಷ್ಟಿತ್ತೆಂದರೆ 2013ರ 19 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್ ನಡೆದದ್ದು ವಿಲ್ನಿಯಸ್‌ನಲ್ಲಲ್ಲ, ಕೌನಸ್‌ನಲ್ಲೂ ಅಲ್ಲ, ಮಾರಿಯಾಂಪೋಲೆಯಲ್ಲಿ. ಅಲೆಕ್ಸಾಂಡರ್ ಮಿತ್ರೋವಿಚ್ ಇದ್ದ ಸರ್ಬಿಯಾ ಅಂದು ಫ್ರಾನ್ಸ್ ತಂಡವನ್ನು 1–0ರಿಂದ ಸೋಲಿಸಿತು.

ಅದೇ ವರ್ಷಗಳಲ್ಲಿ ಸುತ್ತಮುತ್ತ ದೊಡ್ಡ ಹೆಸರುಗಳು ಉರುಳುತ್ತಿದ್ದವು. 2008ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ತಂಡವನ್ನೇ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಿಂದ ಹೊರಗಟ್ಟಿದ್ದ ಎಫ್‌ಬಿಕೆ ಕೌನಸ್ ಮರುವರ್ಷವೇ ಅಗ್ರ ಲೀಗ್‌ನಿಂದ ಹೊರಬಿತ್ತು, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಪನೆವೆಜಿಸ್ ನಗರದ ಎಕ್ರಾನಸ್ ಎಂಬುದು ಟಿವಿ ಪಿಕ್ಚರ್ ಟ್ಯೂಬ್ ತಯಾರಿಸುವ ಕಾರ್ಖಾನೆಯ ತಂಡವಾಗಿ ಹುಟ್ಟಿದ್ದು. 2008ರಿಂದ 2012ರವರೆಗೆ ಸತತ ಐದು ಬಾರಿ ಲೀಗ್ ಗೆದ್ದ ಆ ಕ್ಲಬ್ ಕೂಡ 2015ರ ಹೊತ್ತಿಗೆ ದಿವಾಳಿ. ಒಬ್ಬ ಮಾಲೀಕನ ಅಥವಾ ಒಂದು ಕಾರ್ಖಾನೆಯ ಹಣದ ಮೇಲೆ ನಿಂತ ಕ್ಲಬ್ಬುಗಳ ಗತಿ ಅದು. ಸೂದುವಾ ಕೂಡ ಸ್ಥಳೀಯ ಉದ್ಯಮಿಗಳ ಆಸರೆಯಲ್ಲೇ ಬೆಳೆದದ್ದು. ಆದರೂ ಅವಸರ ಮಾಡಲಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಕಪ್ ಗೆದ್ದ ಬೆನ್ನಿಗೇ ಲೀಗನ್ನೂ ಗೆಲ್ಲಲೇಬೇಕೆಂಬ ಹಟಕ್ಕೆ ಬೀಳದೆ ಒಂದಿಡೀ ದಶಕ ಎರಡನೇ, ಮೂರನೇ ಸ್ಥಾನಗಳ ಸುತ್ತಮುತ್ತಲೇ ಇತ್ತು.

ಗೆಲುವಿನ ಕಾಲ ಬಂದದ್ದು ವ್ಲಾದಿಮಿರ್ ಚೆಬುರಿನ್ ಕೋಚ್ ಆಗಿದ್ದಾಗ. ಕಜಾಕಸ್ತಾನದ ಕ್ಲಬ್ಬುಗಳಲ್ಲಿ ಪಳಗಿದ್ದ ಅವರು ಕಟ್ಟಿದ್ದು ಗೋಲು ಬಿಡದ ತಂಡವನ್ನು. ಗೋಲ್‌ಕೀಪರ್ ಇವಾನ್ ಕರ್ದುಮ್ ಕ್ರೊಯೇಷಿಯಾದವರು, ರಕ್ಷಣೆಯಲ್ಲಿ ಸರ್ಬಿಯಾದ ಅಲೆಕ್ಸಾಂಡರ್ ಝಿವಾನೊವಿಚ್ ಮತ್ತು ಬೋಸ್ನಿಯಾದ ಸೆಮಿರ್ ಕೆರ್ಲಾ, ಅವರ ಜೊತೆಗೆ ಪೊವಿಲಸ್ ಲೈಮೊನಸ್, ವೈದಸ್ ಸ್ಲಾವಿಕಸ್‌ರಂಥ ಲಿಥುವೇನಿಯನ್ನರು. ಬಾಲ್ಕನ್ ದೇಶಗಳ ಅನುಭವಿ ಆಟಗಾರರು ಶ್ರೀಮಂತ ಲೀಗುಗಳು ಕೇಳುವ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತಾರೆ. ಇಂಥ ಆಯ್ಕೆ ಬಡ ಕ್ಲಬ್ಬಿನ ಅನಿವಾರ್ಯವೂ ಹೌದು, ಜಾಣತನವೂ ಹೌದು. 2013ರಿಂದ 2016ರವರೆಗೆ ನಾಲ್ಕು ವರ್ಷ ಪಟ್ಟ ಬಿಡದಿದ್ದ ಝಾಲ್ಗಿರಿಸ್‌ನಿಂದ 2017ರಲ್ಲಿ ಸೂದುವಾ ಲೀಗನ್ನು ಕಸಿದುಕೊಂಡಿತು. 2018ರಲ್ಲಿ ಮತ್ತೆ ಗೆದ್ದಿತು. 2019ರಲ್ಲಿ ಲೀಗೂ ಕಪ್ಪೂ ಎರಡೂ ಅವರದೇ.

ಇಷ್ಟು ಹೇಳಿದರೆ ಅರ್ಧ ಕಥೆ ಮಾತ್ರ. ಲಿಥುವೇನಿಯಾದ ಲೀಗ್ ಗೆದ್ದು ಯಾವ ಕ್ಲಬ್ಬೂ ಶ್ರೀಮಂತವಾಗುವುದಿಲ್ಲ. ಟಿಕೆಟ್ ಹಣ ಸಣ್ಣದು, ಟಿವಿ ಹಕ್ಕಿನ ಹಣ ಇನ್ನೂ ಸಣ್ಣದು. ದುಡ್ಡು ಇರುವುದು ಜುಲೈ, ಆಗಸ್ಟ್ ತಿಂಗಳಲ್ಲಿ, ಯುರೋಪಿನ ಅರ್ಹತಾ ಸುತ್ತುಗಳಲ್ಲಿ. 2018–19ರ ಯುರೋಪಾ ಲೀಗ್‌ನಲ್ಲಿ ಪ್ಲೇ ಆಫ್‌ನಲ್ಲಿ ಸೋತು ಹೊರಬಿದ್ದ ತಂಡಕ್ಕೆ ಯುಇಎಫ್‌ಎ ಕೊಟ್ಟದ್ದು 3 ಲಕ್ಷ ಯೂರೊ. ಅದೇ ಪಂದ್ಯ ಗೆದ್ದು ಗುಂಪು ಹಂತಕ್ಕೆ ಹೋದ ತಂಡಕ್ಕೆ ಬರೀ ಪ್ರವೇಶಕ್ಕೇ 29 ಲಕ್ಷಕ್ಕೂ ಹೆಚ್ಚು. ಒಂದು ಮೆಟ್ಟಿಲಿನ ಅಂತರಕ್ಕೆ ಸುಮಾರು ಹತ್ತು ಪಟ್ಟು ಹಣ. ದೊಡ್ಡ ಲೀಗಿನ ಕ್ಲಬ್ಬುಗಳು ಜುಲೈನಲ್ಲಿ ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿರುತ್ತವೆ. ಲಿಥುವೇನಿಯಾದ ತಂಡಗಳಿಗೆ ಅದು ಋತುವಿನ ನಡುಗಾಲ. ಮಾರಿಯಾಂಪೋಲೆಯಲ್ಲಿ ಇರುವುದು ಕೃತಕ ಹುಲ್ಲಿನ ಅಂಗಳ. ಉತ್ತರದ ಹವೆಗೆ ಅದೇ ಸೈ. ನಿಜವಾದ ಹುಲ್ಲಿಗೆ ಒಗ್ಗಿದ ಕಾಲುಗಳಿಗೆ ಅದರ ಮೇಲೆ ಚೆಂಡಿನ ಪುಟಿತ ಹಿಡಿಯಲು ಹೊತ್ತು ಬೇಕು. ಈ ಎರಡು ಅನುಕೂಲಗಳನ್ನು ಸೂದುವಾ ಚೆನ್ನಾಗಿ ಬಳಸಿಕೊಂಡಿತು.

2017ರಲ್ಲಿ, ಇನ್ನೂ ಚಾಂಪಿಯನ್ ಆಗುವ ಮೊದಲೇ, ಅವರು ಸ್ವಿಟ್ಜರ್ಲೆಂಡ್‌ನ ಸಿಯೋನ್ ತಂಡವನ್ನು ತವರಿನಲ್ಲಿ 3–0ರಿಂದ ಬಡಿದು, ಅಲ್ಲಿ ಹೋಗಿ 1–1 ಮಾಡಿಕೊಂಡು ಯುರೋಪಾ ಲೀಗ್ ಪ್ಲೇ ಆಫ್‌ಗೆ ಹೋದರು. ಬಲ್ಗೇರಿಯಾದ ಲುದೊಗೊರೆಟ್ಸ್ ಎದುರು ಮೊದಲ ಲೆಗ್‌ನ 0–2 ಸೋಲನ್ನು ತವರಿನಲ್ಲಿ ತುಂಬಿಕೊಳ್ಳಲಾಗಲಿಲ್ಲ. 0–0ರಲ್ಲಿ ಆಟ ಮುಗಿಯಿತು.

2018ರ ಬೇಸಿಗೆ ನನಗೆ ಅತ್ಯಂತ ಪ್ರಿಯವಾದದ್ದು. ಚಾಂಪಿಯನ್ಸ್ ಲೀಗ್‌ನ ಮೊದಲ ಅರ್ಹತಾ ಸುತ್ತಿನಲ್ಲಿ ಎದುರಾದದ್ದು ಸೈಪ್ರಸ್‌ನ ಅಪೋಯೆಲ್. 2012ರಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ವರೆಗೆ ಹೋಗಿದ್ದ ತಂಡ. ಹಿಂದಿನ ಋತುವಿನಲ್ಲಷ್ಟೇ ರಿಯಲ್ ಮ್ಯಾಡ್ರಿಡ್, ಟಾಟನ್‌ಹ್ಯಾಮ್, ಡಾರ್ಟ್ಮಂಡ್ ಜೊತೆ ಒಂದೇ ಗುಂಪಿನಲ್ಲಿ ಆಡಿದ್ದ ತಂಡ. ಸೂದುವಾ ತವರಿನಲ್ಲಿ 3–1ರಿಂದ ಗೆದ್ದಿತು. ನಿಕೋಸಿಯಾದ ಜುಲೈ ಬಿಸಿಲಿನಲ್ಲಿ ಒಂದೇ ಗೋಲು ಬಿಟ್ಟುಕೊಟ್ಟು 3–2ರ ಒಟ್ಟು ಅಂತರದಲ್ಲಿ ದಾಟಿತು. ಮುಂದಿನ ಸುತ್ತಿನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಐದು ಗೋಲು ಹೊಡೆದು ಅವರನ್ನು ಮಣಿಸಿತು. ಆ ರೆಡ್ ಸ್ಟಾರ್ ಅದೇ ವರ್ಷ ಗುಂಪು ಹಂತಕ್ಕೆ ಹೋಗಿ ಲಿವರ್‌ಪೂಲ್ ತಂಡವನ್ನು 2–0ರಿಂದ ಸೋಲಿಸಿತು. ಆ ಲಿವರ್‌ಪೂಲ್ ಕೊನೆಗೆ ಟ್ರೋಫಿಯನ್ನೇ ಎತ್ತಿತು. ಹಾಗಾಗಿ ಸೂದುವಾದ ಸೋಲಿನಲ್ಲಿ ತಲೆ ತಗ್ಗಿಸುವಂಥದ್ದೇನೂ ಇರಲಿಲ್ಲ.

ಯುಇಎಫ್‌ಎ ಆ ವರ್ಷ ಹೊಸ ದಾರಿಯೊಂದನ್ನು ತೆರೆದಿತ್ತು. ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಸೋತ ಸಣ್ಣ ದೇಶಗಳ ಚಾಂಪಿಯನ್ನರು ಯುರೋಪಾ ಲೀಗ್‌ಗೆ ಇಳಿದು, ಅಲ್ಲಿಯೂ ತಮ್ಮಂಥ ಚಾಂಪಿಯನ್ನರನ್ನೇ ಎದುರಿಸುವ ದಾರಿ. ಸೂದುವಾ ಲಾಟ್ವಿಯಾದ ಸ್ಪಾರ್ಟಾಕ್ಸ್ ಜುರ್ಮಲಾವನ್ನು ದಾಟಿ ಪ್ಲೇ ಆಫ್ ತಲುಪಿತು. ಅಥೆನ್ಸ್‌ನ ಎಇಕೆ ಎದುರು ಸೋತು ಇಳಿದಿದ್ದ ಸೆಲ್ಟಿಕ್ ಅಲ್ಲಿ ಎದುರಾಯಿತು. 1–1ರ ಆ ಸಂಜೆ ತವರಿನ ಅಭಿಮಾನಿಗಳು, ಸೂದುವಾದ ಗಿಡುಗಗಳು ಎಂದು ತಮ್ಮನ್ನು ಕರೆದುಕೊಳ್ಳುವವರು, ಎಷ್ಟು ದಣಿದರೋ ಏನೋ. ವಾರದ ನಂತರ ಗ್ಲಾಸ್ಗೋದಲ್ಲಿ 0–3. ಎಂಟು ಗೋಲು ತಿಂದ ಅಂಗಳದಲ್ಲೇ ಈ ಸಲ ಮೂರು.

2019ರಲ್ಲಿ ಮತ್ತೆ ರೆಡ್ ಸ್ಟಾರ್. ತವರಿನಲ್ಲಿ 0–0, ಬೆಲ್‌ಗ್ರೇಡ್‌ನಲ್ಲಿ 1–2. ಹಿಂದಿನ ವರ್ಷದ ಐದು ಗೋಲಿನ ಅಂತರ ಒಂದಕ್ಕೆ ಇಳಿದಿತ್ತು. ಸಾನ್ ಮರಿನೊದ ತ್ರೆ ಪೆನ್ನೆಯನ್ನು ಹತ್ತು ಗೋಲುಗಳಿಂದ ಸೋಲಿಸಿ, ಇಸ್ರೇಲ್‌ನ ಮಕ್ಕಾಬಿ ಟೆಲ್ ಅವೀವ್ ತಂಡವನ್ನು ಹೊರಗಟ್ಟಿ ಮೂರನೇ ವರ್ಷವೂ ಪ್ಲೇ ಆಫ್‌ಗೆ ಬಂದರು. ಹಂಗೆರಿಯ ಫೆರೆನ್ಸ್ವಾರೋಶ್ ಎದುರು ತವರಿನಲ್ಲಿ 0–0. ಬುಡಾಪೆಸ್ಟ್‌ನಲ್ಲಿ 2–4. ಮೂರನೇ ಬಾರಿ ಅದೇ ಮೆಟ್ಟಿಲಿನಲ್ಲಿ ನಿಂತರು.

2021ರಲ್ಲಿ ಯುಇಎಫ್‌ಎ ಕಾನ್ಫರೆನ್ಸ್ ಲೀಗ್ ಎಂಬ ಮೂರನೇ ಪಂದ್ಯಾವಳಿ ತಂದಿತು. ಯುರೋಪಾ ಲೀಗ್ ಪ್ಲೇ ಆಫ್‌ನಲ್ಲಿ ಸೋತವರು ಇನ್ನು ಮನೆಗೆ ಹೋಗಬೇಕಿರಲಿಲ್ಲ, ಅವರಿಗೆ ಅದರ ಗುಂಪು ಹಂತದಲ್ಲಿ ನೇರ ಸ್ಥಾನ ಸಿಗುತ್ತಿತ್ತು. 2022ರಲ್ಲಿ ಝಾಲ್ಗಿರಿಸ್ ಅದೇ ಪ್ಲೇ ಆಫ್‌ನಲ್ಲಿ ಅದೇ ಲುದೊಗೊರೆಟ್ಸ್‌ಗೆ ಸೋತಿತು. ಸೋತೇ ಯುರೋಪಿನ ಗುಂಪು ಹಂತದಲ್ಲಿ ಆಡಿದ ಮೊದಲ ಲಿಥುವೇನಿಯನ್ ಕ್ಲಬ್ ಆಯಿತು. ಇತಿಹಾಸದಲ್ಲಿ ಆ ಹೆಸರು ಝಾಲ್ಗಿರಿಸ್‌ನದು, ಅವರು ಅದಕ್ಕೆ ಅರ್ಹರೇ. ಆದರೆ 2018ರ ಸೂದುವಾ ಮೂರು ವರ್ಷ ತಡವಾಗಿ ಆಡಿದ್ದರೆ, ಸೆಲ್ಟಿಕ್‌ಗೆ ಹಾಗೆಯೇ ಸೋತಿದ್ದರೂ, ಆ ವರ್ಷದ ಶರತ್ಕಾಲದ ಗುರುವಾರಗಳಲ್ಲಿ ಯುರೋಪಿನ ಪಂದ್ಯಗಳು ಮಾರಿಯಾಂಪೋಲೆಯ ಪಾಲಾಗುತ್ತಿದ್ದವು. ಆ ಹಣ ಬಂದಿದ್ದರೆ ಕ್ಲಬ್ಬಿನ ಮುಂದಿನ ವರ್ಷಗಳು ಬೇರೆಯೇ ಆಗುತ್ತಿದ್ದವು ಎಂದು ನಾನು ನಂಬುತ್ತೇನೆ.

ಹಾಗಾಗಲಿಲ್ಲ. 2020ರಿಂದ ಪಟ್ಟ ಝಾಲ್ಗಿರಿಸ್‌ಗೆ ಮರಳಿತು. ಸೂದುವಾ ಮೊದಲು ಎರಡನೇ ಸ್ಥಾನಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಇಳಿಯಿತು. 2023ರಲ್ಲಿ ಲೀಗ್ ಗೆದ್ದದ್ದು ಎಕ್ರಾನಸ್ ಮುಚ್ಚಿದ ಊರಿನಲ್ಲಿ 2015ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಕೆ ಪನೆವೆಜಿಸ್. 2025ರಲ್ಲಿ ಕೌನಸ್ ನಗರದ ಕೌನೊ ಝಾಲ್ಗಿರಿಸ್. ಮಾರಿಯಾಂಪೋಲೆಯವರು ಅಗ್ರ ಲೀಗ್‌ನಲ್ಲೇ ಉಳಿದಿದ್ದಾರೆ. ಲಿಥುವೇನಿಯಾದಲ್ಲಿ ಅದೂ ಸಣ್ಣ ಸಾಧನೆಯಲ್ಲ. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಈಗಲೂ ಮಾರ್ಚ್ ಬಂದರೆ ಕೃತಕ ಹುಲ್ಲಿನ ಮೇಲಿನ ಹಿಮ ತೆಗೆದು ಋತು ಶುರು ಮಾಡುತ್ತಾರೆ.