ಹಸಿರೆಲೆಯೊಳಗೆ ಅಡಗಿದ್ದ ಹಳದಿ

ಅಕ್ಟೋಬರ್ ತಿಂಗಳು. ಅಮೆರಿಕದ ಉತ್ತರ ಭಾಗದ ಒಂದನೇ ತರಗತಿ. ಕಿಟಕಿಯಾಚೆ ಮೇಪಲ್ ಮರಗಳು ಕೆಂಪಾಗಿವೆ. ಈ ವಾರದ ಪಾಠವೆಲ್ಲ ಅಂಗಳದಿಂದಲೇ ಬರುತ್ತದೆ.

ಮೊದಲು ಎಲೆ ಹೆಕ್ಕುವ ಆಟ. ಎಲೆಯ ಮೇಲೆ ಕಾಗದವಿಟ್ಟು ಕ್ರೇಯಾನ್ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಆಮೇಲೆ ದೊಡ್ಡ ಪ್ರಶ್ನೆ: ಈ ಬಣ್ಣ ಬಂದಿದ್ದೆಲ್ಲಿಂದ?

ಟೀಚರ್ ಹಸಿರೆಲೆಗಳನ್ನು ಚೂರು ಮಾಡಿ ಸ್ಪಿರಿಟ್‌ನಲ್ಲಿ ನೆನೆಸುತ್ತಾರೆ. ಅದರೊಳಗೆ ಕಾಫಿ ಸೋಸುವ ಕಾಗದದ ಪಟ್ಟಿಯನ್ನು ಇಳಿಬಿಡುತ್ತಾರೆ. ಬಣ್ಣ ನಿಧಾನವಾಗಿ ಮೇಲೇರುತ್ತದೆ. ನೋಡಿ, ಹಸಿರಿನ ಪಕ್ಕದಲ್ಲೇ ಹಳದಿ ಗೆರೆ! ಬೇಸಿಗೆಯಿಡೀ ಅದು ಎಲೆಯೊಳಗೇ ಇತ್ತು. ಹಗಲು ಕಿರಿದಾಗಿ ಚಳಿ ಬಂದಾಗ ಹಸಿರಿನ ಕ್ಲೋರೋಫಿಲ್ ಕರಗುತ್ತದೆ, ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನ ಕೆಂಪು ಮಾತ್ರ ಹೊಸದು. ಅದು ಶರತ್ಕಾಲದಲ್ಲಿ, ಎಲೆಯಲ್ಲಿ ಉಳಿದ ಸಕ್ಕರೆಯ ಬಲದಿಂದ ತಯಾರಾಗುತ್ತದೆ. ಆರು ವರ್ಷದ ಮಗುವಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಆ ಗೆರೆ ತೋರಿಸುವುದೇ ಮೇಲು.

ನಡುವೆ ಒಂದು ದಿನ ಸೇಬು. ಅಡ್ಡಕ್ಕೆ ಕೊಯ್ದರೆ ಐದು ಮೂಲೆಯ ನಕ್ಷತ್ರ.

ಇನ್ನು ಸಿಹಿಗುಂಬಳ. ನೀರಿನ ಟಬ್ಬಿಗೆ ಹಾಕುವ ಮುಂಚೆ ಎಲ್ಲರೂ ಊಹಿಸಬೇಕು: ಮುಳುಗುತ್ತಾ, ತೇಲುತ್ತಾ? ಇಷ್ಟು ಭಾರದ್ದು ತೇಲುತ್ತದೆ, ಏಕೆಂದರೆ ಒಳಗೆ ಪೊಳ್ಳು. ಆಮೇಲೆ ಅಂಟಂಟು ತಿರುಳಿಗೆ ಕೈಹಾಕಿ ಬೀಜ ತೆಗೆದು, ಹತ್ತತ್ತರ ಗುಂಪು ಮಾಡಿ ಎಣಿಸುತ್ತಾರೆ. ಅಲ್ಲಿಗೆ ಬಿಡಿ, ಹತ್ತು, ನೂರರ ಲೆಕ್ಕ ಬೆರಳಿಗೇ ಸಿಕ್ಕಿತು.

ಶುಕ್ರವಾರ? ಎಲೆಗುಡ್ಡೆಗೆ ಹಾರುವುದು, ಅಷ್ಟೇ.

ನಮ್ಮ ಶಾಲೆಯಂಗಳದಲ್ಲಿ ಮೇಪಲ್ ಇಲ್ಲದಿದ್ದರೇನು, ಎಷ್ಟೋ ಕಡೆ ಕಾಡುಬಾದಾಮಿ ಮರವಿದೆ. ಅದರ ಎಲೆಯೂ ಉದುರುವ ಮುಂಚೆ ಕೆಂಪಾಗುತ್ತದೆ. ಈ ಸಲ ಗುಡಿಸಿ ಎಸೆಯುವ ಮೊದಲು ಮಕ್ಕಳ ಕೈಗೆ ಕೊಡಿ.